ಕಡಲೂರಿಗೆ ಹೋಗಿ ನೆಲೆಸುವ ಮುನ್ನ: ನಡುವಯಸ್ಸಿನವರು ಊರು ಆರಿಸಿಕೊಳ್ಳುವ ಬಗೆ

ಕಡಲ ದಂಡೆಯ ಸಣ್ಣ ಊರು ರಜೆಗೆ ಬಂದವರಿಗೆ ತನ್ನ ಒಳ್ಳೆಯ ಮುಖವನ್ನಷ್ಟೇ ತೋರಿಸುತ್ತದೆ. ಹವೆ ಹಿತವಾಗಿರುವ ತಿಂಗಳಲ್ಲೇ ಜನ ಹೋಗುವುದು, ಅಂಗಡಿ ಹೋಟೆಲುಗಳೆಲ್ಲ ತೆರೆದಿರುವಾಗಲೇ ನೋಡುವುದು. ಅಲ್ಲೇ ನೆಲೆಸಲು ಹೋದವರು ಮಿಕ್ಕ ತಿಂಗಳುಗಳನ್ನೂ ಕಳೆಯಬೇಕು. ಅಲ್ಲದೆ 48ಕ್ಕೆ ಮನೆ ಮಾಡಿದವರು 68ರಲ್ಲೂ ಅದೇ ಮೆಟ್ಟಿಲು ಹತ್ತುತ್ತಿರುತ್ತಾರೆ, ಅದೇ ರಸ್ತೆಯಲ್ಲಿ ರಾತ್ರಿ ಗಾಡಿ ಓಡಿಸುತ್ತಿರುತ್ತಾರೆ. ಹಾಗಾಗಿ ಊರನ್ನು ಅದರ ಕೆಟ್ಟ ಋತುವಿನಲ್ಲಿ, ಇಪ್ಪತ್ತು ವರ್ಷದ ಮುಂದಿನ ನಿಮ್ಮ ಕಣ್ಣಿನಿಂದ ನೋಡಬೇಕು.

ಮನಸ್ಸಿಗೆ ಬಂದ ಹತ್ತು ಹನ್ನೆರಡು ಊರುಗಳ ಹೆಸರು ಬರೆದುಕೊಳ್ಳಿ. ಯಾವುದು ಹೆಚ್ಚು ಚೆಂದ ಎಂದು ಅಂಕ ಕೊಡುತ್ತ ಕೂರಬೇಡಿ. ತಿದ್ದಲಾಗದ ಕೊರತೆ ಇರುವವನ್ನು ಒಂದೊಂದಾಗಿ ಹೊಡೆದುಹಾಕಿ. ಆಸ್ಪತ್ರೆಯ ದೂರ, ನೆಲದ ಎತ್ತರ, ದಂಡೆಯ ಕೊರೆತ, ಕುಡಿಯುವ ನೀರು, ಈ ನಾಲ್ಕನ್ನು ಎಷ್ಟು ದುಡ್ಡು ಸುರಿದರೂ ಒಬ್ಬ ಮನೆಯವನು ಸರಿಪಡಿಸಲಾರ. ಸೋರುವ ಚಾವಣಿ, ಹಳೆಯ ಅಡುಗೆಮನೆ ಎಲ್ಲ ಆಮೇಲಿನ ಮಾತು. ಮೊದಲ ಸುತ್ತಿನ ಅರ್ಧ ಕೆಲಸ ಕೂತಲ್ಲೇ, ನಕ್ಷೆ ಮತ್ತು ಫೋನಿನಿಂದ ಮುಗಿಯುತ್ತದೆ.

ಆಸ್ಪತ್ರೆಗೆ ಎಷ್ಟು ನಿಮಿಷ

ಕಿಲೋಮೀಟರ್ ಬಿಡಿ, ನಿಮಿಷ ಎಣಿಸಿ. ಹೃದಯಾಘಾತದಲ್ಲಿ ಪೂರ್ತಿ ಮುಚ್ಚಿಹೋದ ರಕ್ತನಾಳವನ್ನು ಆಂಜಿಯೋಪ್ಲಾಸ್ಟಿಯಿಂದ ತೆರೆಯುವುದಾದರೆ ರೋಗ ಪತ್ತೆಯಾದ 120 ನಿಮಿಷದೊಳಗೆ ಆಗಬೇಕೆಂದು ವೈದ್ಯರ ಮಾರ್ಗಸೂಚಿ ಹೇಳುತ್ತದೆ. ಅಷ್ಟರೊಳಗೆ ತಲುಪಲಾಗದಿದ್ದರೆ ಹೆಪ್ಪು ಕರಗಿಸುವ ಮದ್ದನ್ನು ಹತ್ತಿರದಲ್ಲೇ ಕೊಡಬೇಕು. ಮೆದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದಾಗ ಇದೇ ಬಗೆಯ ಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ಲಕ್ಷಣ ಕಾಣಿಸಿದ ಹೊತ್ತಿನಿಂದ ನಾಲ್ಕೂವರೆ ಗಂಟೆ. ಆದರೆ ಅದಕ್ಕೆ ಮುಂಚೆ ರಕ್ತಸ್ರಾವ ಇಲ್ಲವೆಂದು ಸಿ.ಟಿ. ಸ್ಕ್ಯಾನ್‌ನಿಂದ ಖಾತ್ರಿಯಾಗಬೇಕು. ಆದ್ದರಿಂದ 'ಊರಲ್ಲಿ ಆಸ್ಪತ್ರೆ ಇದೆಯೇ' ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ಫೋನ್ ಮಾಡಿ ಹೀಗೆ ಕೇಳಿ: ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬ್ ರಾತ್ರಿಯೂ ನಡೆಯುತ್ತದೆಯೇ? ಭಾನುವಾರ ಮಧ್ಯರಾತ್ರಿ ಸಿ.ಟಿ. ಯಂತ್ರ ನಡೆಸುವವರು ಇರುತ್ತಾರೆಯೇ? ರಕ್ತನಿಧಿ ಎಲ್ಲಿದೆ? ಹೊರಗೆ ಹೃದ್ರೋಗ ತಜ್ಞರ ಹೆಸರು ಬರೆದಿದ್ದರೂ ಅವರು ವಾರಕ್ಕೆರಡು ದಿನ ಮಾತ್ರ ಬಂದುಹೋಗುವವರಾಗಿರಬಹುದು.

ಪ್ರಯಾಣದ ಸಮಯಕ್ಕೆ ಆಂಬುಲೆನ್ಸ್ ನಿಮ್ಮ ಮನೆ ಬಾಗಿಲಿಗೆ ಬರುವ ಸಮಯವನ್ನೂ ಕೂಡಿಸಿ. ಅದು ಆಸ್ಪತ್ರೆ ಇರುವ ಊರಿನಿಂದಲೇ ಹೊರಡಬೇಕಾದರೆ ಲೆಕ್ಕ ಇಮ್ಮಡಿ. ಪ್ರವಾಸಿಗರು ತುಂಬಿದ ಶನಿವಾರ ಸಂಜೆ ಒಮ್ಮೆ, ಜಡಿಮಳೆಯಲ್ಲಿ ಒಮ್ಮೆ ಆ ದಾರಿಯಲ್ಲಿ ಗಾಡಿ ಓಡಿಸಿ ನೋಡಿ. ಎರಡರಲ್ಲಿ ಹೆಚ್ಚು ಹಿಡಿದ ಸಮಯವೇ ಲೆಕ್ಕಕ್ಕೆ. ಅದು ಒಂದು ಗಂಟೆ ಮೀರಿದರೆ ಆ ಹೆಸರನ್ನು ಪಟ್ಟಿಯಿಂದ ತೆಗೆಯುವುದೇ ಸರಿ. ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಡಯಾಲಿಸಿಸ್ ಕೇಂದ್ರವನ್ನೂ ವಿಚಾರಿಸಿ. ಆ ಚಿಕಿತ್ಸೆ ಶುರುವಾದರೆ ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆ, ಅದರ ಮೇಲೆ ಹೋಗಿಬರುವ ದಾರಿ.

ನೆಲ ಎಷ್ಟು ಎತ್ತರದಲ್ಲಿದೆ

ಹೆಚ್ಚು ಜನ ಎಡವುವ ಜಾಗ ಇದು, ಏಕೆಂದರೆ ಎತ್ತರ ಕಣ್ಣಿಗೆ ಕಾಣುವುದಿಲ್ಲ. ಫೋನಿನ ಜಿ.ಪಿ.ಎಸ್. ತೋರಿಸುವ ಎತ್ತರ ಹತ್ತು ಮೀಟರ್ ಆಚೀಚೆ ಆಗಬಹುದು. ಎರಡು ಮೀಟರಿನ ಪ್ರಶ್ನೆಗೆ ಅದು ಉತ್ತರವಲ್ಲ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳಲ್ಲಿ ಬಹಳಷ್ಟಕ್ಕೆ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಅಂಕಿಗಳೇ ಆಧಾರ. ಆ ರೇಡಾರ್ ಮರದ ತಲೆಯನ್ನೂ ಮನೆಯ ಮಾಡನ್ನೂ ನೆಲವೆಂದು ಎಣಿಸಿರುವುದರಿಂದ ತೋಪು ದಟ್ಟವಾಗಿರುವ ಕಡಲಂಚಿನಲ್ಲಿ ನೆಲ ಇದ್ದದ್ದಕ್ಕಿಂತ ಎತ್ತರವಾಗಿ ಕಾಣುತ್ತದೆ. ನಂಬಬೇಕಾದದ್ದು ಸರ್ವೇ ಇಲಾಖೆಯ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ) ನಕ್ಷೆ, ಇಲ್ಲವೇ ಸ್ಥಳೀಯ ಸರ್ವೇಯರ್ ಉಪಕರಣ ಇಟ್ಟು ಅಳೆದುಕೊಟ್ಟ ಅಂಕಿ.

ಇನ್ನೊಂದು ಬಲೆ ಇದೆ. ಉಬ್ಬರದ ವೇಳಾಪಟ್ಟಿಯ ಸೊನ್ನೆ ಬೇರೆ, ನೆಲದ ನಕ್ಷೆಯ ಸೊನ್ನೆ ಬೇರೆ. ಹಡಗಿನವರಿಗಾಗಿ ಮಾಡಿದ ವೇಳಾಪಟ್ಟಿ ಇಳಿತದಲ್ಲಿ ನೀರು ತಲುಪುವ ಅತಿ ಕೆಳಗಿನ ಮಟ್ಟದಿಂದ ಎಣಿಸುತ್ತದೆ. ನೆಲದ ನಕ್ಷೆ ಸಾಮಾನ್ಯವಾಗಿ ಸರಾಸರಿ ಸಮುದ್ರಮಟ್ಟದಿಂದ ಎಣಿಸುತ್ತದೆ. 'ನೆಲ ಮೂರು ಮೀಟರ್, ಉಬ್ಬರ ಎರಡೂವರೆ, ಅರ್ಧ ಮೀಟರ್ ಉಳಿಯಿತು' ಎಂಬ ಲೆಕ್ಕ ಇದರಿಂದಲೇ ತಪ್ಪು. ಆ ಬಂದರಿನಲ್ಲಿ ಎರಡು ಸೊನ್ನೆಗಳ ನಡುವೆ ಎಷ್ಟು ವ್ಯತ್ಯಾಸ ಎಂದು ಬಂದರು ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ.

ಉಬ್ಬರದ ಮೇಲೆ ಬಿರುಗಾಳಿ ನೀರನ್ನು ಇನ್ನಷ್ಟು ಏರಿಸುತ್ತದೆ. ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಗಾಳಿ ನೀರನ್ನು ದಂಡೆಗೆ ತಳ್ಳುವುದು ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಕಡಲ ತಳ ಬಹುದೂರ ಆಳವಿಲ್ಲದೆ ಹರಡಿದ್ದರೆ ಈ ಏರಿಕೆ ಹೆಚ್ಚು, ದಂಡೆಯಿಂದ ಸ್ವಲ್ಪ ದೂರದಲ್ಲೇ ಆಳ ಶುರುವಾದರೆ ಕಡಿಮೆ. ಅಳಿವೆಯ ಊರಿಗೆ ಎರಡು ಕಡೆಯಿಂದಲೂ ಕಷ್ಟ. ಮೇಲಿನಿಂದ ಹೊಳೆಯ ನೆರೆ ಬರುತ್ತದೆ, ಕೆಳಗಿನಿಂದ ಉಬ್ಬರ ಅದನ್ನು ಕಡಲಿಗೆ ಬಿಡದೆ ತಡೆಯುತ್ತದೆ. ದಂಡೆಯಿಂದ ಎರಡು ಕಿಲೋಮೀಟರ್ ಒಳಗೆ, ಹಿನ್ನೀರಿನ ಪಕ್ಕ ಮನೆ ಇದ್ದರೆ 'ಕಡಲು ದೂರ' ಎಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಎಂದರೆ ಯಾವುದೇ ವರ್ಷದಲ್ಲಿ ಅದು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದಷ್ಟೇ ಅರ್ಥ. ಅದೇ ಮನೆಯಲ್ಲಿ 30 ವರ್ಷ ಇದ್ದರೆ ಒಮ್ಮೆಯಾದರೂ ನೀರು ನುಗ್ಗುವ ಸಾಧ್ಯತೆ ನೂರಕ್ಕೆ 26ರಷ್ಟಾಗುತ್ತದೆ. ಜೊತೆಗೆ ಸಮುದ್ರಮಟ್ಟವೂ ಏರುತ್ತಿದೆ: 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಸುಮಾರು 20 ಸೆಂಟಿಮೀಟರ್, 2006ರ ನಂತರದ ವೇಗ ವರ್ಷಕ್ಕೆ 3.7 ಮಿಲಿಮೀಟರಿನಷ್ಟು. ಕೇಳಲು ಅಲ್ಪವೆನಿಸುತ್ತದೆ. ಆದರೆ ಚರಂಡಿಯ ಬಾಯಿ ಕಡಲಿಗಿಂತ ಒಂದು ಗೇಣು ಮೇಲಿರುವ ಊರಿನಲ್ಲಿ ಅಷ್ಟು ಸಾಕು, ಮಳೆಯೇ ಇಲ್ಲದ ದಿನ ರಸ್ತೆಯಲ್ಲಿ ಉಪ್ಪುನೀರು ನಿಲ್ಲುತ್ತದೆ.

ಊರಿಗೆ ಹೋದಾಗ ಅತಿ ಹಳೆಯ ಕಟ್ಟಡಗಳು ಎಲ್ಲಿವೆ ನೋಡಿ. ನೂರಾರು ವರ್ಷದ ಪ್ರಾರ್ಥನಾ ಮಂದಿರ, ಹಳೆಯ ಪೇಟೆ, ಹಳೆಯ ಶಾಲೆ ಸಾಮಾನ್ಯವಾಗಿ ನೀರು ಹತ್ತದ ದಿಣ್ಣೆಯ ಮೇಲಿರುತ್ತವೆ. ಹೊಸ ಬಡಾವಣೆ ಅವುಗಳ ಕೆಳಗಿನ ಬಯಲಿನಲ್ಲಿದ್ದರೆ ಅಲ್ಲಿ ಮೊದಲು ಯಾರೂ ಯಾಕೆ ಮನೆ ಕಟ್ಟಲಿಲ್ಲ ಎಂದು ಕೇಳಬೇಕಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆ ಕಳೆದ ಒಂದೆರಡು ದಿನದಲ್ಲಿ ಬರುವ ದೊಡ್ಡ ಉಬ್ಬರದ ಹೊತ್ತಿಗೆ ಚರಂಡಿಗಳ ಬಾಯಿಯ ಹತ್ತಿರ ನಿಂತು ನೀರು ಯಾವ ಕಡೆಗೆ ಹರಿಯುತ್ತಿದೆ ನೋಡಿ.

ದಂಡೆ ಸರಿಯುತ್ತಿದೆಯೇ

ಗೂಗಲ್ ಅರ್ಥ್‌ನಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷವಾರು ತೆರೆಯಬಹುದು. ಅಳೆಯುವ ಕ್ರಮ ಹೀಗೆ:

1. ಕದಲದ ಒಂದು ಗುರುತು ಹಿಡಿಯಿರಿ: ರಸ್ತೆ ಕೂಡುವ ಜಾಗ, ಬಾವಿ, ಹಳೆಯ ಕಟ್ಟಡದ ಮೂಲೆ.
2. ಅಲ್ಲಿಂದ ಕಡಲಿನ ಕಡೆ ಹಸಿರು ಮುಗಿಯುವ ಅಂಚಿನವರೆಗೆ ಅಳೆಯಿರಿ. ನೀರಿನ ಅಂಚನ್ನು ಅಳೆಯಬೇಡಿ. ಅದು ಉಬ್ಬರ ಇಳಿತಕ್ಕೆ ತಕ್ಕಂತೆ ದಿನಕ್ಕೆ ಹತ್ತಾರು ಮೀಟರ್ ಓಡಾಡುತ್ತದೆ.
3. ಚಿತ್ರಗಳು ಒಂದೇ ಋತುವಿನವಾಗಿರಲಿ. ಬಿರುಗಾಳಿಯ ಋತುವಿನಲ್ಲಿ ಮರಳು ಕಡಲೊಳಕ್ಕೆ ಹೋಗಿ ದಂಡೆ ಕಿರಿದಾಗುತ್ತದೆ, ಶಾಂತ ತಿಂಗಳುಗಳಲ್ಲಿ ಮರಳಿ ತುಂಬಿಕೊಳ್ಳುತ್ತದೆ. ಇದು ಕೊರೆತವಲ್ಲ, ದಂಡೆಯ ಮಾಮೂಲಿ ಉಸಿರಾಟ.
4. ಹದಿನೈದು ಇಪ್ಪತ್ತು ವರ್ಷ ಅಂತರದ ಎರಡು ಚಿತ್ರಗಳ ಜೊತೆ ನಡುವಿನ ಎರಡು ಮೂರನ್ನೂ ಅಳೆಯಿರಿ.

ಸರಾಸರಿ ವರ್ಷಕ್ಕೆ ಒಂದು ಮೀಟರ್ ಬಂದರೆ, 40 ಮೀಟರ್ ದೂರದ ಮನೆಗೆ 40 ವರ್ಷ ಇದೆ ಎಂದುಕೊಳ್ಳುವುದು ಸಹಜ. ಕಡಲು ಹಾಗೆ ಕಂತಿನಲ್ಲಿ ತಿನ್ನುವುದಿಲ್ಲ. ಏಳೆಂಟು ವರ್ಷ ಸುಮ್ಮನಿದ್ದು ಒಂದೇ ರಾತ್ರಿ ಹತ್ತು ಮೀಟರ್ ಒಯ್ಯಬಹುದು. ನಡುವಿನ ಚಿತ್ರಗಳನ್ನು ಅಳೆಯುವುದು ಅದಕ್ಕೇ.

ಹತ್ತಿರದಲ್ಲಿ ಬಂದರಿನ ಅಲೆತಡೆ ಇದೆಯೇ, ಕಟ್ಟುವ ಯೋಜನೆ ಇದೆಯೇ ತಿಳಿದುಕೊಳ್ಳಿ. ಮರಳು ದಂಡೆಗುಂಟ ಒಂದು ದಿಕ್ಕಿಗೆ ಸಾಗುತ್ತಿರುತ್ತದೆ. ಅಡ್ಡ ಕಟ್ಟಿದ ಕಲ್ಲಿನ ಗೋಡೆ ಅದನ್ನು ಒಂದು ಬದಿಗೆ ಹಿಡಿದಿಟ್ಟು ಇನ್ನೊಂದು ಬದಿಯನ್ನು ಉಪವಾಸ ಕೆಡವುತ್ತದೆ. ಚೆನ್ನೈ ಬಂದರಿನ ದಕ್ಷಿಣಕ್ಕೆ ಮರೀನಾ ದಂಡೆ ಅಗಲವಾದದ್ದೂ ಉತ್ತರದ ರಾಯಪುರಂ ಕಡೆ ನೆಲ ಕೊರೆದುಹೋದದ್ದೂ ಇದೇ ಕಾರಣಕ್ಕೆ. ಒಂದೇ ಊರಿನ ಎರಡು ಬದಿಯ ಮನೆಗಳ ಹಣೆಬರಹ ಹೀಗೆ ಬೇರೆ ಬೇರೆ ಆಗುತ್ತದೆ.

ಕಲ್ಲಿನ ತಡೆಗೋಡೆ ಕಂಡರೆ ನಿಶ್ಚಿಂತರಾಗಬೇಡಿ. ಗೋಡೆ ಹಿಂದಿನ ನೆಲವನ್ನು ಉಳಿಸಬಹುದು, ಆದರೆ ಅಲೆ ಅದಕ್ಕೆ ಬಡಿದು ಮುಂದಿನ ಮರಳನ್ನು ಎಳೆದೊಯ್ಯುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಎಲ್ಲಕ್ಕಿಂತ ಜೋರು. ಗೋಡೆಯನ್ನು ಯಾರು, ಎಲ್ಲಿಯವರೆಗೆ ಕಾಯುತ್ತಾರೆ ಎಂಬುದನ್ನು ಸ್ಥಳೀಯ ಆಡಳಿತದ ತೀರ ಯೋಜನೆಯಲ್ಲಿ ಹುಡುಕಿ. ವೇಲ್ಸ್‌ನ ಫೇರ್‌ಬೋರ್ನ್ ಎಂಬ ಸಣ್ಣ ಊರನ್ನು 2050ರ ದಶಕದ ಆಚೆಗೆ ರಕ್ಷಿಸುವುದಿಲ್ಲವೆಂದು ಇಂಥದ್ದೇ ಯೋಜನೆಯಲ್ಲಿ ಬರೆದದ್ದು ಹೊರಬಿದ್ದ ಮೇಲೆ, ಅಲ್ಲಿ ಮನೆ ಕೊಳ್ಳುವವರಿಗೆ ಸಾಲ ಸಿಗುವುದು ಕಷ್ಟವಾಯಿತು. ಕಡಲು ಇನ್ನೂ ಮನೆಯ ಹತ್ತಿರ ಬಂದಿರಲಿಲ್ಲ, ಕಾಗದವೇ ಮೊದಲು ಬಂತು.

ನೀರು, ಮತ್ತು ಅದರ ಜೊತೆಗೆ ಕೊಳಚೆ

ಕಡಲಂಚಿನ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿ ಇರುತ್ತದೆ ಎಂಬುದು ಭೂಜಲದವರ ಹಳೆಯ ಲೆಕ್ಕ. ತಿರುಗಿಸಿ ಓದಿದರೆ ಅಪಾಯ ತಿಳಿಯುತ್ತದೆ: ಪಂಪು ಹಚ್ಚಿ ಆ ಮಟ್ಟವನ್ನು ಒಂದು ಮೀಟರ್ ಇಳಿಸಿದರೆ ಉಪ್ಪು ಕೆಳಗಿನಿಂದ ಕ್ರಮೇಣ 40 ಮೀಟರ್ ಏರಲು ಹೊರಡುತ್ತದೆ. ಆದ್ದರಿಂದ ಇಲ್ಲಿ ಬೋರ್‌ವೆಲ್ ಆಳ ಮಾಡಿದಷ್ಟೂ ಕೆಡುಕು. ಪಕ್ಕದಲ್ಲಿ ಹತ್ತು ರೆಸಾರ್ಟ್ ಬಂದರೆ ನಿಮ್ಮ ಬಾವಿಯೂ ಉಪ್ಪಾಗಬಹುದು.

ನೀರನ್ನು ಬೇಸಿಗೆಯ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ ಪರೀಕ್ಷಿಸಬೇಕು. ಮಳೆಗಾಲದ ವರದಿ ತೋರಿಸಿದರೆ ತೆಗೆದಿಡಿ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ, ಜೇಬಿನಲ್ಲಿ ಹಿಡಿಯುವ ಟಿ.ಡಿ.ಎಸ್. ಮೀಟರಿನಲ್ಲಿ ಲೀಟರಿಗೆ 600 ಮಿಲಿಗ್ರಾಂ ಒಳಗಿದ್ದರೆ ಕುಡಿಯಲು ರುಚಿ ಚೆನ್ನ, 1,000 ದಾಟಿದರೆ ನಾಲಿಗೆ ಒಪ್ಪುವುದಿಲ್ಲ. ಕ್ಲೋರೈಡ್ 250 ಮಿಲಿಗ್ರಾಂ ಮೀರಿದಲ್ಲಿ ಉಪ್ಪಿನ ರುಚಿ ಹತ್ತುತ್ತದೆ. ಮೀಟರು ರೋಗಾಣುವನ್ನು ತೋರಿಸುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಎರಡು ಮೂರು ನೆರೆಮನೆಯ ಬಾವಿಗಳ ನೀರನ್ನೂ ಅಳೆಯಿರಿ, ಕಡಲ ಕಡೆಯಿಂದ ಒಳಕ್ಕೆ. ಅಂಕಿ ಹೇಗೆ ಇಳಿಯುತ್ತದೆ ಎಂಬುದರಿಂದ ಉಪ್ಪು ಎಲ್ಲಿವರೆಗೆ ಬಂದಿದೆ ಗೊತ್ತಾಗುತ್ತದೆ.

ಕೊಳಚೆಯ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಲೇಬೇಕು. ಒಳಚರಂಡಿ ಇಲ್ಲದ ಊರಿನಲ್ಲಿ ಇಂಗುಗುಂಡಿ ಇರುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಗುಂಡಿಯ ತಳ ಮುಟ್ಟಿದರೆ ನೀರು ಇಂಗುವುದಿಲ್ಲ, ಶೌಚಾಲಯ ಹಿಂದಕ್ಕೆ ಉಕ್ಕುತ್ತದೆ, ಬಾವಿಗೂ ಸೇರುತ್ತದೆ.

ಉಪ್ಪುಗಾಳಿಯ ಖರ್ಚು

ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ. 75 ಮುಟ್ಟಿದಾಗ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರ ಆಸುಪಾಸಿನ ತೇವವೇ ಸಾಕು. ಹಾಗಾಗಿ ಉಪ್ಪು ಕೂತ ಕಬ್ಬಿಣ ಒಣಹವೆಯ ದಿನವೂ ಒಳಗೊಳಗೆ ಒದ್ದೆಯಾಗಿಯೇ ಇರುತ್ತದೆ. ಮಳೆ ಬಡಿಯುವ ಕಡೆ ಉಪ್ಪು ತೊಳೆದುಹೋಗುತ್ತದೆ. ಮಳೆ ತಾಗದ ಸೂರಿನಡಿ, ಮೆಟ್ಟಿಲ ಕೆಳಗೆ, ಬಾಲ್ಕನಿಯ ತಳದಲ್ಲೇ ತುಕ್ಕು ಜಾಸ್ತಿ.

ಇದನ್ನು ನೋಡಲು ಊರಲ್ಲಿ ಒಂದು ನಡಿಗೆ ಸಾಕು. ದಂಡೆಯಿಂದ ಒಳಕ್ಕೆ ಹೋಗುವ ಒಂದೇ ರಸ್ತೆ ಹಿಡಿದು ಗೇಟಿನ ತಿರುಗಣೆ, ಬೀದಿದೀಪದ ಬುಡದ ಬೋಲ್ಟು, ಮೀಟರ್ ಪೆಟ್ಟಿಗೆ, ಎ.ಸಿ. ಕೂರಿಸಿದ ಕಬ್ಬಿಣದ ಚೌಕಟ್ಟು ನೋಡುತ್ತ ಹೋಗಿ. ಮೊದಲ ಸಾಲಿನಲ್ಲಿ ಬೋಲ್ಟಿನ ಆರು ಮೂಲೆ ಸವೆದು ಉರುಟಾಗಿರುತ್ತದೆ, ಎ.ಸಿ.ಯ ಅಲ್ಯೂಮಿನಿಯಂ ರೆಕ್ಕೆಗಳು ಬೆರಳು ತಾಗಿಸಿದರೆ ಬಿಳಿ ಪುಡಿಯಾಗಿ ಉದುರುತ್ತವೆ. ಕೆಲವು ನೂರು ಮೀಟರ್ ಒಳಗೆ ಹೋದ ಮೇಲೆ ಬಣ್ಣ ನಿಲ್ಲತೊಡಗುತ್ತದೆ. ಅಲೆ ಜೋರಾಗಿ ಒಡೆಯುವ, ಗಾಳಿ ತಡೆಯಿಲ್ಲದೆ ಬೀಸುವ ಕಡೆ ಈ ಗಡಿ ಒಂದು ಕಿಲೋಮೀಟರಿಗೂ ಹೋಗಬಹುದು. ಬಣ್ಣ ನಿಲ್ಲತೊಡಗುವ ಆ ಸಾಲಿನ ಆಚೆ ಮನೆ ಹುಡುಕಿ. ಕಡಲು ನೋಡಬೇಕೆಂದರೆ ಹತ್ತು ನಿಮಿಷ ನಡೆದರಾಯಿತು.

ಕಾಂಕ್ರೀಟ್ ಮನೆಯಾದರೆ ಬೀಮಿನ ಅಂಚು, ಬಾಲ್ಕನಿಯ ತಳ ಮತ್ತು ಬಚ್ಚಲುಮನೆಯ ಚಾವಣಿಯನ್ನು ಟಾರ್ಚ್ ಹಿಡಿದು ನೋಡಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಾಲು ಜಾಗ ಕೇಳುತ್ತದೆ, ಆ ಒತ್ತಡಕ್ಕೆ ಸರಳಿನ ಗುಂಟ ನೇರ ಬಿರುಕು ಮೂಡಿ ಕಂದು ಗೆರೆ ಇಳಿಯುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಹೊಸದಾಗಿ ಬಣ್ಣ ಬಳಿದ ಹಳೆಯ ಮನೆಯನ್ನು ಇನ್ನೂ ಹೆಚ್ಚು ತಟ್ಟಿ. ತೊಳೆಯದ ಕಡಲ ಮರಳಿನಲ್ಲಿ ಕಟ್ಟಿದ್ದರಂತೂ ಉಪ್ಪು ಗೋಡೆಯೊಳಗೇ ಇದೆ, ಮೇಲಿನ ಬಣ್ಣದಿಂದ ಉಪಯೋಗವಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸುವುದಾದರೆ 304 ದರ್ಜೆ ಬೇಡ, ಅದರ ಮೇಲೆ ಬೇಗನೆ ಕಂದು ಕಲೆ ಕೂರುತ್ತದೆ. ಮಾಲಿಬ್ಡಿನಂ ಸೇರಿದ 316 ತಗೊಳ್ಳಿ. ಅದನ್ನೂ ಆಗಾಗ ಸಿಹಿನೀರಿನಿಂದ ತೊಳೆಯಬೇಕು.

ಬೇಡದ ಋತುವಿನ ಊರು

ಪ್ರವಾಸಿಗರಿಲ್ಲದ ತಿಂಗಳ ಒಂದು ಮಂಗಳವಾರ ರಾತ್ರಿ ಎಂಟಕ್ಕೆ ಊರಲ್ಲಿ ನಡೆದು, ದೀಪ ಉರಿಯುವ ಕಿಟಕಿಗಳನ್ನು ಎಣಿಸಿ. ಮೂರರಲ್ಲಿ ಎರಡು ಮನೆ ಕತ್ತಲಾಗಿದ್ದರೆ ಅವು ಹೊರಗಿನವರ ರಜೆಮನೆಗಳು. ಅಂಥ ಕಡೆ ಮನೆಯ ಬೆಲೆ ಊರಿನ ದುಡಿಮೆಗೆ ಸಂಬಂಧವಿಲ್ಲದೆ ಏರುತ್ತದೆ, ಶಾಲೆಗೆ ಮಕ್ಕಳಿರುವುದಿಲ್ಲ. ಇಂಗ್ಲೆಂಡಿನ ಸೇಂಟ್ ಐವ್ಸ್‌ನ ಜನ 2016ರ ಜನಮತದಲ್ಲಿ, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ವಾಸಿಸುವವರಿಗೆ ಮಾತ್ರ ಎಂಬ ನಿಯಮಕ್ಕೆ ಮತ ಹಾಕಿದ್ದು ಇದೇ ಬೇಸರದಿಂದ.

ಮೂರು ಪ್ರಶ್ನೆ ಊರಿನ ಆರೋಗ್ಯ ಹೇಳುತ್ತವೆ. ಪ್ರಾಥಮಿಕ ಶಾಲೆಯಲ್ಲಿ ಐದು ವರ್ಷದ ಹಿಂದೆ ಎಷ್ಟು ಮಕ್ಕಳಿದ್ದರು, ಈಗ ಎಷ್ಟು? ಔಷಧಿ ಅಂಗಡಿ ವರ್ಷವಿಡೀ ತೆರೆದಿರುತ್ತದೆಯೇ? ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಪ್ರವಾಸೋದ್ಯಮ ಒಂದನ್ನೇ ನಂಬಿದ ಊರಿಗಿಂತ ಮೀನುಗಾರಿಕೆ, ತಾಲ್ಲೂಕು ಮಟ್ಟದ ಕಚೇರಿ, ಕಾಲೇಜು ಹೀಗೆ ಎರಡು ಮೂರು ಕಾಲಿನ ಮೇಲೆ ನಿಂತ ಊರು ಮೇಲು, ಅಷ್ಟು ಚೆಂದವಿಲ್ಲದಿದ್ದರೂ. ಮೀನುಗಾರಿಕೆ ಬಂದರು ನಸುಕಿನ ಮೂರಕ್ಕೇ ಎದ್ದು ಗದ್ದಲ ಮಾಡುತ್ತದೆ ಎಂಬುದು ತಿಳಿದಿರಲಿ. ಹಗಲು ಗಾಳಿ ಕಡಲಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ ಬೀಸುವುದರಿಂದ, ಮೀನು ಒಣಗಿಸುವ ಜಾಗ ಯಾವ ಬದಿಗಿದೆ ಎಂದು ನೋಡಿಕೊಂಡೇ ಮನೆ ಹಿಡಿಯಬೇಕು.

ಮನೆಯಿಂದ ಕೆಲಸ ಮಾಡುವವರು ಇಂಟರ್ನೆಟ್ ವೇಗವನ್ನು ರಜೆಯ ದಿನ ರಾತ್ರಿ ಎಂಟು ಒಂಬತ್ತರ ನಡುವೆ ಅಳೆಯಲಿ, ಅಪ್‌ಲೋಡ್ ಅಂಕಿಯನ್ನೂ ಸೇರಿಸಿ. ಫೈಬರ್ ತಂತಿ ಮತ್ತು ಮೊಬೈಲ್ ಟವರ್ ಎರಡೂ ಒಂದೇ ಸೇತುವೆ ದಾಟಿ ಬರುತ್ತಿದ್ದರೆ ಅದು ಎರಡು ವ್ಯವಸ್ಥೆಯಲ್ಲ, ಒಂದೇ. ಊರಿಗೆ ಬರುವ ರಸ್ತೆಗಳ ವಿಷಯವೂ ಅಷ್ಟೇ.

ಬಾಡಿಗೆಗೆ ಇದ್ದು ನೋಡಿ

ಪಟ್ಟಿಯಲ್ಲಿ ಒಂದೆರಡು ಹೆಸರು ಉಳಿದ ಮೇಲೆ ಮನೆಯವರೆಲ್ಲ ಬೇರೆ ಬೇರೆ ಕೂತು, ಬಿಟ್ಟುಕೊಡಲಾಗದ ಮೂರು ಸಂಗತಿ ಬರೆಯಲಿ. ಒಬ್ಬರಿಗೆ ಕಡಲು, ಇನ್ನೊಬ್ಬರಿಗೆ ಗೆಳತಿಯರು ಎಂಬ ಭೇದ ಸಾಮಾನು ಸಾಗಿಸುವ ಮೊದಲೇ ಹೊರಬೀಳುವುದು ಒಳ್ಳೆಯದು. ಮಗ ಅಥವಾ ಮಗಳು ಪ್ರೌಢಶಾಲೆಯ ಕೊನೆಯ ಎರಡು ವರ್ಷದಲ್ಲಿದ್ದರೆ ಕಾಯಿರಿ.

ಬಾಡಿಗೆ ಪೂರ್ತಿ ಹನ್ನೆರಡು ತಿಂಗಳಿಗೆ ಇರಲಿ. ಪ್ರವಾಸಿ ಊರುಗಳಲ್ಲಿ ಒಂಬತ್ತು ತಿಂಗಳಿಗೆ ಕೊಟ್ಟು ರಜೆಯ ಋತುವಿಗೆ ಬಿಡಿಸುವ ರೂಢಿ ಇದೆ, ಕರಾರಿನಲ್ಲಿ ತಾರೀಕು ಓದಿಯೇ ಸಹಿ ಹಾಕಿ. ಆ ಅವಧಿಯಲ್ಲಿ ಹಳೆಯ ಮನೆಯನ್ನು ಮಾರಬೇಡಿ, ಬಾಡಿಗೆಗೆ ಕೊಡಿ; ದೊಡ್ಡ ನಗರದ ಬೆಲೆ ಮುಂದೆ ಓಡಿದರೆ ವಾಪಸು ಹೋಗುವ ದಾರಿ ಮುಚ್ಚುತ್ತದೆ. ಬಾಡಿಗೆಮನೆಯ ಹೊರಗೋಡೆಗೆ ಕಪಾಟು ತಾಗಿಸದೆ ನಾಲ್ಕು ಬೆರಳು ಸಂದು ಬಿಡಿ, ತೇವಮಾಪಕ ಒಂದನ್ನು ಒಳಗಿಡಿ. ತೇವವನ್ನು ಶೇ. 60ಕ್ಕಿಂತ ಕೆಳಗೆ ನಿಲ್ಲಿಸಲು ತೇವ ಹೀರುವ ಯಂತ್ರ ಎಷ್ಟು ಹೊತ್ತು ಓಡಬೇಕು ಎಂಬುದರಿಂದ ಮುಂದಿನ ವಿದ್ಯುತ್ ಬಿಲ್ ಅಂದಾಜಾಗುತ್ತದೆ. ಎಣ್ಣೆಯನ್ನು ಒರೆಸಿ ತೆಗೆದ ಒಂದು ಹಿಡಿ ಕಬ್ಬಿಣದ ಮೊಳೆಗಳನ್ನು ಮಳೆ ತಾಗದ ಸೂರಿನಡಿ ತೂಗುಹಾಕಿಟ್ಟರೆ ಆ ಬೀದಿಯ ಉಪ್ಪಿನ ಅಂದಾಜೂ ಸಿಗುತ್ತದೆ.

ಕೊಳ್ಳುವ ಹಂತದಲ್ಲಿ ಮುಂಗಡ ಕೊಡುವ ಮೊದಲು ವಿಮೆಯ ದರಪಟ್ಟಿಯನ್ನು ಲಿಖಿತವಾಗಿ ತರಿಸಿ. ಗಾಳಿಯ ಹಾನಿ, ನೆರೆಯ ಹಾನಿ, ನೆಲ ಕೊರೆತ ಮೂರನ್ನೂ ವಿಮೆಯವರು ಬೇರೆ ಬೇರೆಯಾಗಿ ಎಣಿಸುತ್ತಾರೆ, ಮೂರನೆಯದನ್ನು ಬಹುತೇಕ ಬಿಟ್ಟೇ ಇರುತ್ತಾರೆ. ನಷ್ಟದಲ್ಲಿ ನಿಮ್ಮ ಪಾಲು ಇಂತಿಷ್ಟು ಮೊತ್ತ ಎಂದಿಲ್ಲದೆ ವಿಮೆಯ ಒಟ್ಟು ಮೊತ್ತದ ಶೇಕಡಾವಾರು ಎಂದಿದ್ದರೆ, ಆ ಅಂಕಿಯನ್ನು ಹಣಕ್ಕೆ ಇಳಿಸಿ ನೋಡಿ. ಯಾವ ಕಂಪನಿಯೂ ದರ ಹೇಳಲು ಮುಂದೆ ಬರದಿದ್ದರೆ ಅವರು ಆ ನೆಲದ ಬಗ್ಗೆ ನಿಮಗಿಂತ ಹೆಚ್ಚು ಲೆಕ್ಕ ಹಾಕಿದ್ದಾರೆ ಎಂದರ್ಥ. ಕಡಲಂಚಿನ ನಿರ್ಮಾಣಕ್ಕೆ ಹಲವು ದೇಶಗಳಲ್ಲಿ ಉಬ್ಬರದ ಗೆರೆಯಿಂದ ದೂರದ ನಿಯಮವಿದೆ. ಈಗಿರುವ ಮನೆ ಬಿದ್ದರೆ ಅದೇ ಜಾಗದಲ್ಲಿ ಮತ್ತೆ ಕಟ್ಟಲು ಅನುಮತಿ ಸಿಗುತ್ತದೆಯೇ ಎಂದು ಸಂಬಂಧಪಟ್ಟ ಕಚೇರಿಯಿಂದ ಬರಹದಲ್ಲಿ ಪಡೆಯಿರಿ, ಮಾರುವವರ ಬಾಯಿಮಾತು ಸಾಲದು.